ತಲೆದೆಸೆಯಲ್ಲಿ ನಿಂತವನು

“ನಾಲಿಗೆಗೆ ಮುಳ್ಳು ಚುಚ್ಚಿದೆಯೇನೋ, ಮುದಿಯಾ? ಹೆಣದ ಮುಂದೆ ಅರ್ಧ ಹೊತ್ತು ಒದರ್ತೀಯೆ. ಬದುಕಿದವನ ಮುಂದೆ ಒಂಬತ್ತು ಮಾತು ಓದು ಅಂದ್ರೆ ಬಾಯಿಗೆ ಬೀಗವಾ?”

ಆಫೀಸಿಗೆ ಹೊಸದಾಗಿ ಹಾಸಿದ ಬಿಳಿಯ ಟೈಲ್ಸಿನ ಮೇಲೆ ಹಾಲನ್‌ನ ಬರಿಗಾಲಿನ ಗುರುತು ಚಹಾದ ಕಂದುಬಣ್ಣದಲ್ಲಿ ಮೂಡಿತ್ತು. ಅವನು ಅದನ್ನೇ ನೋಡುತ್ತ ನಿಂತಿದ್ದ. ಮೂವತ್ತೆರಡು ವರ್ಷ ಈ ಚಹಾ ಫ್ಯಾಕ್ಟರಿಯಲ್ಲಿ ದುಡಿದ ಪಾದಗಳವು; ಎಷ್ಟು ತೊಳೆದರೂ ಆ ಬಣ್ಣ ಹೋಗುತ್ತಿರಲಿಲ್ಲ.

ಮೇಜಿನಾಚೆ ಕುಳಿತಿದ್ದವನು ದಿನೇಶ್‌ಕುಮಾರ್. ಸತ್ತ ಮಾಲೀಕನ ಮಗ, ಈಗಿನ ಮಾಲೀಕ. ಇಬ್ಬರದೂ ಕೆತ್ತಿ ಕಣಿವೆಯ ಮೇಲಂಚಿನ ಒಂದೇ ಹಟ್ಟಿ. ಹುಟ್ಟಿದ ವರಸೆಯಲ್ಲಿ ಹಾಲನ್ ಅವನಿಗೆ ದೊಡ್ಡಪ್ಪನಾಗಬೇಕು. ಹಟ್ಟಿಯ ಬೀದಿಯಲ್ಲಿ ಎದುರಾದರೆ ಇಂದಿಗೂ ತಲೆಬಾಗಿಸಿ ಆಶೀರ್ವಾದ ಕೇಳುವ ಹುಡುಗ, ಫ್ಯಾಕ್ಟರಿಯ ಗೇಟು ದಾಟಿದ ಕೂಡಲೇ ‘ಏ ಹಾಲಾ’ ಎನ್ನುತ್ತಿದ್ದ.

“ಶನಿವಾರ ಮೇಲಿನ ಅಟ್ಟದಲ್ಲಿ ಮೀಟಿಂಗು. ಕೊಯಮತ್ತೂರಿಂದ ಟ್ರೈನರ್ ಬರ್ತಾರೆ. ಕೈ ಹೋದ ಆ ಅರಿಯನ್ನ ನಡುವೆ ಕೂಡಿಸೋದು, ಅವ ಏನೇನು ತಪ್ಪು ಮಾಡಿದ ಅಂತ ಅವನ ಟೀಮ್ ಲೀಡರ್ ನೀನು ನಿಂತು ಓದೋದು. ಓಪನ್ ಫೀಡ್‌ಬ್ಯಾಕ್ ಅಂಬುದು ಇದಕ್ಕೆ. ನಿಂಗೇನು ಹೊಸದಾ? ಹಟ್ಟಿಯಲ್ಲಿ ಸತ್ತವರಿಗೆ ಕರು ಹೇಳೋದು ನೀನೇ ಅಲ್ಲವಾ? ಅದೇ ಇದು. ಅಷ್ಟೇ ಅಂತ ತಿಳ್ಕೋ.”

“ಅರಿ ಸಾಯಲಿಲ್ಲೆ,” ಎಂದ ಹಾಲನ್.

ದಿನೇಶ್‌ಕುಮಾರ್ ನಕ್ಕ. “ಸತ್ತಿದ್ರೆ ಇಷ್ಟು ತಲೆನೋವೇ ಇರ್ತಿರಲಿಲ್ಲ. ಸೋಮವಾರ ಫ್ಯಾಕ್ಟರಿ ಇನ್ಸ್‌ಪೆಕ್ಟರ್ ಬರ್ತಾನೆ. ಅಷ್ಟರಲ್ಲಿ ಈ ಪೇಪರ್ ರೆಡಿ ಇರಬೇಕು. ಕೆಳಗೆ ನಿನ್ನ ಸೈನು, ಅದರ ಕೆಳಗೆ ಎಲ್ಲರದ್ದೂ. ಕೈ ಹೋದದ್ದು ಅವನ ತಪ್ಪಿಂದ, ಮುಗೀತು. ಅರಿ ಮನೆಗೆ ಹೋಗ್ಲಿ, ನಿಂಗ ಎಲ್ಲ ಕೆಲಸಕ್ಕೆ ಹೋಗಿ. ಓದಲಿಲ್ಲೆ ಅಂದ್ರೆ, ಆ ದಿನ ಸ್ಪ್ಯಾನರ್ ಯಾರ ಕೈಯಲ್ಲಿತ್ತು ಅಂತ ನಾನು ಇನ್ಸ್‌ಪೆಕ್ಟರಿಗೆ ಹೇಳಬೇಕಾಗ್ತದೆ. ಗೊತ್ತಲ್ಲ ಯಾರ ಕೈ ಅಂತ?”

ಹಾಲನ್‌ಗೆ ಗೊತ್ತಿತ್ತು. ಕಾಗದವನ್ನು ಮಡಚಿ ಅಂಗಿಯ ಜೇಬಿಗಿಟ್ಟುಕೊಂಡ. ಹೊರಡುವಾಗ ಗೋಡೆಯ ಮೇಲಿನ ಪಟ ಕಣ್ಣಿಗೆ ಬಿತ್ತು. ದಿನೇಶ್‌ಕುಮಾರನ ಅಪ್ಪ, ಕೊರಳಲ್ಲಿ ಗಂಧದ ಹಾರ. ಕಳೆದ ವರ್ಷ ಆಡಿ ತಿಂಗಳಲ್ಲಿ ಅವನ ಕರು ಹೇಳಿದವನೂ ಹಾಲನ್ನೇ.

“ಒರೆಸಿ ಹೋಗೋ,” ಎಂದಿತು ಹಿಂದಿನಿಂದ ದನಿ. “ಕಾಲಿನ ಕೊಳೆ.”

ಬಾಗಿಲ ಬಳಿ ಬಿದ್ದಿದ್ದ ಗೋಣಿಯಿಂದ ತನ್ನ ಹೆಜ್ಜೆಗಳನ್ನು ತಾನೇ ಒರೆಸಿ ಹಾಲನ್ ಹೊರಗೆ ಬಂದ.

ದಿನೇಶ್‌ಕುಮಾರ್ ಆಡಳಿತ ವಹಿಸಿಕೊಂಡ ವರ್ಷವೇ ಫ್ಯಾಕ್ಟರಿಯಲ್ಲಿ ಮೇಸ್ತ್ರಿ ಎಂಬ ಹೆಸರು ಅಳಿದು ಟೀಮ್ ಲೀಡರ್ ಎಂಬುದು ಬಂದಿತ್ತು. ಗೋಡೆಗಳ ಮೇಲೆ ‘ನಾವೆಲ್ಲ ಒಂದೇ ಕುಟುಂಬ’ ಎಂದು ತಮಿಳಿನಲ್ಲಿ ಬರೆಸಿದರು. ಹಾಲನ್‌ಗೆ ನೀಲಿಯ ಟೋಪಿಯೊಂದನ್ನು ಕೊಟ್ಟು ಎಲ್ಲರಿಂದಲೂ ಚಪ್ಪಾಳೆ ತಟ್ಟಿಸಿದರು. ಕೆಲಸ ಹಿಂದಿನದೇ ಆಗಿತ್ತು. ಇನ್ನೊಬ್ಬರ ತಪ್ಪಿಗೆ ಬೈಸಿಕೊಳ್ಳುವ ಅಧಿಕಾರವೊಂದು ಮಾತ್ರ ಹೊಸದಾಗಿ ಸೇರಿತು.

ಎಲೆಯನ್ನು ಅರೆಯುವ ಯಂತ್ರದ ಬಾಯಿಗೆ ಕಬ್ಬಿಣದ ಬಲೆಯೊಂದಿತ್ತು. ಹಲ್ಲುಹಲ್ಲಾದ ಎರಡು ಉರುಳೆಗಳು ಎದುರುಬದುರಾಗಿ ತಿರುಗುವಲ್ಲಿ ಮನುಷ್ಯನ ಕೈ ಹೋಗದಂತೆ ತಡೆಯುವ ಬಲೆ. ಈ ಮಳೆಗಾಲದಲ್ಲಿ ಎಲೆ ನೀರು ಕುಡಿದು ಭಾರವಾಗಿ ಬಂತು. ಮುದ್ದೆಗಟ್ಟಿ ಬಲೆಗೆ ಅಂಟಿಕೊಂಡಾಗಲೆಲ್ಲ ಯಂತ್ರ ನಿಲ್ಲಿಸಿ ಕೆದಕಬೇಕಾಗುತ್ತಿತ್ತು. ದಿನಕ್ಕೆ ಆರೇಳು ಸಲ ನಿಂತಿತು. ಏಳನೆಯ ಸಲ ದಿನೇಶ್‌ಕುಮಾರ್ ಕೆಳಗಿಳಿದು ಬಂದು, “ಬಿಚ್ಚೋ ಅದನ್ನ,” ಎಂದ. ಹಾಲನ್ ಸ್ಪ್ಯಾನರ್ ತಂದು ನಾಲ್ಕೂ ಬೋಲ್ಟುಗಳನ್ನು ತಿರುಗಿಸಿ ಬಲೆಯನ್ನು ಕಳಚಿದ. ಬೇಡ ಎನ್ನಬೇಕೆಂದು ಅವನಿಗೆ ತೋರಿತ್ತೋ ಇಲ್ಲವೋ, ಈಗ ನೆನಪಿಗೆ ಬರುತ್ತಿಲ್ಲ. ಬೋಲ್ಟುಗಳನ್ನು ಜೇಬಿಗೆ ಹಾಕಿಕೊಂಡದ್ದು ಮಾತ್ರ ನೆನಪಿದೆ.

ಎರಡು ತಿಂಗಳು ಏನೂ ಆಗಲಿಲ್ಲ. ಆಮೇಲೊಂದು ಮಧ್ಯಾಹ್ನ ಎಲೆಮುದ್ದೆಯನ್ನು ಒಳಕ್ಕೆ ನೂಕುತ್ತಿದ್ದ ಅರಿಯ ಬಲಗೈಯ ನಾಲ್ಕು ಬೆರಳುಗಳು ಉರುಳೆಗಳ ನಡುವೆ ಹೋದವು. ಅವನನ್ನು ಕುನ್ನೂರಿನ ಆಸ್ಪತ್ರೆಗೆ ಜೀಪಿನಲ್ಲಿ ಒಯ್ದರು. ಯಂತ್ರ ನಿಂತದ್ದು ತೊಳೆಯುವಷ್ಟು ಹೊತ್ತು ಮಾತ್ರ.

ಫ್ಯಾಕ್ಟರಿಯ ಹಿಂದಿನ ಊಟದ ಶೆಡ್ಡಿನಲ್ಲಿ ಮಲ್ಲಿ ತಟ್ಟೆ ತೊಳೆಯುತ್ತಿದ್ದಳು. ಅರಿಯ ಹೆಂಡತಿ, ಚಹಾಪುಡಿಗೆ ಜರಡಿ ಹಿಡಿಯುವ ಕೋಣೆಯಲ್ಲಿ ಕೆಲಸ. ಹಾಲನ್‌ನ ಹಟ್ಟಿಯಲ್ಲೇ ಹುಟ್ಟಿ ಪಕ್ಕದ ಹಟ್ಟಿಗೆ ಮದುವೆಯಾಗಿ ಹೋದವಳು. ತೊಳೆದ ತಟ್ಟೆಗಳನ್ನು ಅವಳು ನೀರಿಳಿಯಲೆಂದು ಒಂದೊಂದಾಗಿ ಕಬ್ಬಿಣದ ಬಲೆಯ ಮೇಲೆ ಕವುಚಿಡುತ್ತಿದ್ದಳು. ಯಂತ್ರದಿಂದ ಬಿಚ್ಚಿದ ಬಲೆಯೇ ಅದು. ಎರಡು ಇಟ್ಟಿಗೆಗಳ ಮೇಲೆ ಅದನ್ನಿಟ್ಟು ತಟ್ಟೆಗೆ ತಕ್ಕದ್ದಾಯಿತೆಂದು ಯಾರೋ ಏರ್ಪಾಡು ಮಾಡಿದ್ದರು.

ಅರಿ ಪಕ್ಕದ ಕಲ್ಲಿನ ಮೇಲೆ ಕುಳಿತಿದ್ದ. ಬಟ್ಟೆ ಸುತ್ತಿದ ಬಲಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದ, ಇಳಿಸಿದರೆ ಮಿಡಿಯುತ್ತದೆಂದು.

“ಕೊಟ್ಟರಾ ಮಾವ?” ಎಂದ. “ಎಷ್ಟಿವೆ ನನ್ನ ಪಾಪ?”

“ಒಂಬತ್ತು.”

“ಅಷ್ಟೇಯಾ? ನನ್ನ ಹೆಂಡತಿ ಒಂದು ದಿನದಲ್ಲಿ ಅದರ ಎರಡರಷ್ಟು ಹೇಳ್ತಾಳೆ. ಅವಳನ್ನೇ ಲೀಡರ್ ಮಾಡಬೇಕಿತ್ತು.”

“ಬಾಯಿ ಮುಚ್ಚು,” ಎಂದಳು ಮಲ್ಲಿ. ತಟ್ಟೆಯಿಂದ ಕಣ್ಣೆತ್ತದೆ ಕೇಳಿದಳು: “ಏನಂತ ಬರದಾರೆ ದೊಡ್ಡಪ್ಪ? ಓದು, ಕೇಳ್ತೆ.”

ಹಾಲನ್ ಕಾಗದ ತೆಗೆದ. ತಮಿಳನ್ನು ಅವನು ಅಕ್ಷರ ಕೂಡಿಸಿ ಓದಬಲ್ಲ. ಒಂದೊಂದಾಗಿ ಓದಿದ: ಕೆಲಸದ ವೇಳೆಯಲ್ಲಿ ಮಾತಾಡಿದ. ಕೈಗವಸು ಹಾಕಲಿಲ್ಲ. ಹಿಂದಿನ ದಿನ ಕುಡಿದಿದ್ದ. ಲೀಡರನ ಮಾತು ಮೀರಿದ. ಐದನೆಯದಕ್ಕೆ ಬಂದಾಗ ಮಲ್ಲಿ ನಕ್ಕಳು. ಆ ನಗೆಯಲ್ಲಿ ದನಿಯಿರಲಿಲ್ಲ.

“ಯಂತ್ರದ ಬಲೆ ಅವನೇ ಬಿಚ್ಚಿದನಾ? ಹಾಗಂತ ಬರದಾನಾ ಆ ಬೇವರ್ಸಿ?”

“ಹೂಂ.”

“ಬಿಚ್ಚಿದ ಕೈ ಯಾವುದು ಅಂತ ನಿಂಗೆ ಗೊತ್ತುಂಟು.”

“ಗೊತ್ತುಂಟು.”

“ಇದನ್ನ ನೀ ಓದಿದ್ರೆ ಇವನಿಗೆ ಈ ಬೆಟ್ಟದ ಯಾವ ಫ್ಯಾಕ್ಟರಿಯಲ್ಲೂ ವಾಚ್‌ಮನ್ ಕೆಲಸ ಕೂಡ ಸಿಕ್ಕಲ್ಲ. ಕುಡುಕ, ಯಂತ್ರ ಕೆಡಿಸಿದವ ಅಂತ ಹೆಸರು ಮೊದಲೇ ಹೋಗಿ ಕೂತಿರ್ತದೆ. ಬೆರಳೂ ಹೋಯ್ತು, ಹೆಸರೂ ಹೋಗಲಿ ಅಂತಲಾ?” ಅವಳು ಇನ್ನೊಂದು ತಟ್ಟೆಯನ್ನು ಬಲೆಯ ಮೇಲೆ ಕವುಚಿದಳು. “ಓದು ದೊಡ್ಡಪ್ಪ. ನೀ ಓದು. ನಾನೇ ಮುಂದೆ ನಿಂತು ಪಾಪ ಪಾಪ ಹೇಳ್ತೆ. ಒಂದೇ ಸಲ ಇವನ ಕರು ಮುಗಿದು ಹೋಗ್ಲಿ.”

ಹಾಲನ್ ಕಾಗದ ಮಡಚಿದ. ಕೆಳಗೆ ಕಣಿವೆಯಲ್ಲಿ ಬೆಟ್ಟದ ರೈಲು ಕೂಗಿತು; ಆ ಕೂಗು ಮಂಜಿನಲ್ಲಿ ಸ್ವಲ್ಪ ಹೊತ್ತು ಉಳಿಯಿತು.

ಸತ್ತವನನ್ನು ಎತ್ತುವ ಮೊದಲು ಹಟ್ಟಿಯ ಹಸಿರು ಬಯಲಲ್ಲಿ ಮಂಚದ ಮೇಲೆ ಮಲಗಿಸುತ್ತಾರೆ. ಕರು ಹೇಳುವವನು ಹೆಣದ ತಲೆದೆಸೆಯಲ್ಲಿ ನಿಂತು, ತಲೆಯ ಬಟ್ಟೆ ತೆಗೆದು, ಸತ್ತವನು ಮಾಡಿದ ಪಾಪಗಳನ್ನು ಒಂದೊಂದಾಗಿ ಎತ್ತಿ ಹೇಳುತ್ತಾನೆ. ಅಜ್ಜ ಮಾಡಿದ್ದು, ಅಪ್ಪ ಮಾಡಿದ್ದು, ತಾನು ಮಾಡಿದ್ದು; ಮಾಡಿರಬಹುದಾದದ್ದು ಕೂಡ. ಒಂದೊಂದು ಮಾತಿಗೂ ನೆರೆದವರೆಲ್ಲ ‘ಪಾಪ’ ಎನ್ನುತ್ತಾರೆ. ಕಡೆಯಲ್ಲಿ ಅಷ್ಟನ್ನೂ ಬಸವನ ಕರುವಿನ ಪಾದಕ್ಕೆ ಒಪ್ಪಿಸುವ ಮಾತು ಬರುತ್ತದೆ. ಆ ಮಾತು ಬಿದ್ದ ಮೇಲೆ ಸತ್ತವನ ತಪ್ಪನ್ನು ಹಟ್ಟಿಯಲ್ಲಿ ಯಾರೂ ಎತ್ತಬಾರದು; ಅವನಿಗೆ ದಾರಿ ತೆರೆಯಿತು. ಆ ಮಾತು ಬೀಳುವ ತನಕ ಯಾರೂ ನಿಂತಲ್ಲಿಂದ ಕದಲಬಾರದು.

ಹದಿನೆಂಟರ ಪ್ರಾಯದಲ್ಲಿ ಹಾಲನ್ ಸೌದೆ ಒಡೆಯುತ್ತ ತಂದೆಯಿಂದ ಕೇಳಿದ್ದ ಆ ಸಾಲುಗಳನ್ನು ಸುಮ್ಮನೆ ಗುನುಗಿದ್ದುಂಟು. ತಂದೆ ಓಡಿಬಂದು ಅವನ ಬಾಯಿಗೆ ಸಗಣಿ ಮೆತ್ತಿದ್ದ. “ಯಾರನ್ನೋ ಕೊಲ್ತಿಯಾ? ಹೆಣವಿಲ್ಲದ ಕಡೆ ಹೇಳಿದ್ರೆ, ಯಾರ ತಲೆದೆಸೆಯಲ್ಲಿ ನಿಂತು ಹೇಳ್ತೀಯೋ ಅವ ಹಟ್ಟಿಗೆ ಸತ್ತ ಹಾಗೆ.” ಮೂರು ದಿನ ಮನೆಯೊಳಗೆ ಬಿಟ್ಟುಕೊಂಡಿರಲಿಲ್ಲ. ಆ ಬಳಿಕ ನಲವತ್ತು ವರ್ಷ, ಹೆಣದ ಮುಂದೆ ಬಿಟ್ಟರೆ, ಹಾಲನ್ ಆ ಮಾತುಗಳನ್ನು ಮನಸ್ಸಿನಲ್ಲಿ ಕೂಡ ಹೊರಳಿಸಿರಲಿಲ್ಲ.

ಶನಿವಾರ ಹತ್ತು ಗಂಟೆಗೆ ಯಂತ್ರಗಳನ್ನು ನಿಲ್ಲಿಸಿ ಎಲ್ಲರನ್ನೂ ಎಲೆ ಬಾಡಿಸುವ ಅಟ್ಟಕ್ಕೆ ಕರೆದರು. ಸುಮಾರು ನಲವತ್ತು ಜನ. ಹೆಚ್ಚಿನವರು ಸುತ್ತಲ ಹಟ್ಟಿಗಳವರು. ಉಳಿದವರೂ ಈ ಹಟ್ಟಿಗಳ ಸಾವಿಗೆ ಎಷ್ಟೋ ಸಲ ಬಂದು ನಿಂತವರೇ. ಹಸಿ ಎಲೆ ಹರಡಿದ ಉದ್ದನೆಯ ತೊಟ್ಟಿಗಳ ನಡುವಿನ ಜಾಗದಲ್ಲಿ ಕುರ್ಚಿಗಳನ್ನು ಸುತ್ತಲೂ ಹಾಕಿದ್ದರು. ದಿನೇಶ್‌ಕುಮಾರನಿಗಾಗಿ ಆಫೀಸಿನಿಂದ ತಲೆಯಾನುವ ದೊಡ್ಡ ಕುರ್ಚಿಯನ್ನು ಇಬ್ಬರು ಹೊತ್ತು ತಂದಿದ್ದರು. ನಟ್ಟನಡುವೆ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ. ಅದರ ಮೇಲೆ ಅರಿ.

ಟ್ರೈನರ್ ಸೆಲ್ವಕುಮಾರ್ ಚುರುಕಾದ ಮನುಷ್ಯ. ಕೊರಳಿಗೆ ಗುರುತಿನ ಚೀಟಿ, ಕಿವಿಯ ಬಳಿ ಸಣ್ಣ ಮೈಕು. ತಮಿಳಿನಲ್ಲಿ ಎಲ್ಲರಿಗೂ ವಣಕ್ಕಂ ಹೇಳಿ, ನಾಯಕನೆಂದರೆ ಯಾರು ಎಂದು ಕೇಳಿ, ಯಾರೂ ಹೇಳದಿರಲು ತಾನೇ ಹೇಳಿದ. ಬಳಿಕ ಮೈ ಬಿಸಿಯಾಗಲೆಂದು ಎಲ್ಲರೂ ಮೂರು ಸಲ ಚಪ್ಪಾಳೆ ತಟ್ಟಬೇಕೆಂದ. ತಟ್ಟಿದರು. ಅರಿ ಎಡಗೈಯಿಂದ ತನ್ನ ತೊಡೆಗೆ ಮೂರು ಸಲ ಬಡಿದುಕೊಂಡ.

“ಆ ಅಣ್ಣನ ಎನರ್ಜಿ ಸಾಲದು!” ಎಂದ ಸೆಲ್ವಕುಮಾರ್ ನಗುತ್ತ. ಅನಂತರ ಬಟ್ಟೆ ಸುತ್ತಿದ ಕೈ ಕಂಡು, “ಸಾರಿ, ಸಾರಿ,” ಎಂದು ಮುಂದಿನ ಮಾತಿಗೆ ಹೋದ.

ಮುಂದಿನ ಮಾತೇ ಫೀಡ್‌ಬ್ಯಾಕ್. ತಪ್ಪನ್ನು ಮರೆಯಲ್ಲಿ ಆಡಿಕೊಳ್ಳುವುದು ಕೆಟ್ಟದ್ದು, ಕುಟುಂಬದವರ ಹಾಗೆ ಎದುರಿಗೆ ಹೇಳಬೇಕು, ಕೇಳುವವನು ಉತ್ತರ ಕೊಡದೆ ಧನ್ಯವಾದ ಹೇಳಬೇಕು. ಇಷ್ಟನ್ನು ವಿವರಿಸಿ ಅವನು ಹಾಲನ್‌ನ ಕಡೆ ಕೈ ತೋರಿದ.

“ಏಳೋ ಹಾಲಾ,” ಎಂದ ದಿನೇಶ್‌ಕುಮಾರ್ ಫೋನಿನಿಂದ ಕಣ್ಣೆತ್ತದೆ. “ಗಂಟಲು ಸರಿ ಮಾಡ್ಕೊ. ನಮ್ಮ ಅಪ್ಪನಿಗೆ ಹೇಳಿದ ಹಾಗೆ ಚೆನ್ನಾಗಿ ಹೇಳು.”

ಹಾಲನ್ ಎದ್ದ. ಮೈಯಲ್ಲಿ ಭಯವಿರಲಿಲ್ಲ, ಕೋಪವೂ ಇರಲಿಲ್ಲ. ಬಹಳ ಹೊತ್ತು ತಣ್ಣೀರಿನಲ್ಲಿದ್ದ ಕೈಯಂತೆ ಎಲ್ಲವೂ ಜೋಮು ಹಿಡಿದಿತ್ತು. ಕೆಂಪು ಕುರ್ಚಿಯ ತನಕ ನಡೆದ. ಅರಿ ತಲೆ ತಗ್ಗಿಸಿದ. ಹಾಲನ್ ಅವನನ್ನು ದಾಟಿ ಮುಂದೆ ಹೋದ. ದೊಡ್ಡ ಕುರ್ಚಿಯನ್ನು ಬಳಸಿ ಅದರ ಹಿಂದೆ, ದಿನೇಶ್‌ಕುಮಾರನ ತಲೆದೆಸೆಯಲ್ಲಿ ನಿಂತ. ನೀಲಿಯ ಟೋಪಿಯನ್ನು ತೆಗೆದು ಕಂಕುಳಲ್ಲಿಟ್ಟುಕೊಂಡ.

ನೆರೆದವರಿಗೆ ಆ ನಿಲುವಿನ ಪರಿಚಯವಿತ್ತು. ಕುಳಿತಿದ್ದ ಹೆಂಗಸರಲ್ಲಿ ಇಬ್ಬರು ತಮಗೆ ಅರಿವಿಲ್ಲದೆಯೇ ಎದ್ದು ನಿಂತರು. ಕುರ್ಚಿಗಳು ಸರಿದವು. ಒಬ್ಬೊಬ್ಬರಾಗಿ ಎಲ್ಲರೂ ನಿಂತರು.

“ಸೂಪರ್!” ಎಂದ ಸೆಲ್ವಕುಮಾರ್.

“ಇವನ ಅಜ್ಜ, ಹತ್ತು ಮನೆಗೆ ಹರಿವ ನೀರ ಕಟ್ಟಿ ಒಂದು ಹೊಲಕೆ ತಿರುವಿದ,” ಎಂದ ಹಾಲನ್.

ಅದು ಅವನ ದಿನದ ದನಿಯಲ್ಲ. ಎಳೆದು, ಕಡೆಯಲ್ಲಿ ಕೆಳಗಿಳಿಸಿ ಬಿಡುವ ಹಸಿರು ಬಯಲಿನ ದನಿ. ತೊಟ್ಟಿಗಳ ಕೆಳಗೆ ಫ್ಯಾನು ಹೂಂಗುಡುತ್ತಿತ್ತು. ಹಿಂದಿನ ಸಾಲಿನಿಂದ ಮುದುಕಿಯೊಬ್ಬಳು, ಅಭ್ಯಾಸದ ಬಲದಿಂದಲೋ ಏನೋ, ಮೆಲ್ಲನೆ ಎಂದಳು:

“ಪಾಪ.”

“ಇವನ ಅಪ್ಪ, ಎಲೆಯ ಹೊರೆ ಹೊತ್ತು ಬಂದವಳ ಮಳೆಯಲಿ ನಿಲಿಸಿ, ನೀರೆಲೆ ಎಂದು ಚೆಲ್ಲಿಸಿದ.”

“ಪಾಪ,” ಎಂದಿತು ಐದಾರು ದನಿ.

ದಿನೇಶ್‌ಕುಮಾರ್ ಫೋನನ್ನು ಇಳಿಸಿದ. ಹಾಲನ್‌ಗೆ ಅವನ ಮುಖ ಕಾಣುತ್ತಿರಲಿಲ್ಲ. ನಡುನೆತ್ತಿಯ ಸುಳಿ ಕಾಣುತ್ತಿತ್ತು. ಆ ತಲೆಯ ಮೊದಲ ಕೂದಲು ತೆಗೆಸಿದ ದಿನ ಮಗುವನ್ನು ಹಿಡಿದುಕೊಂಡಿದ್ದವನು ಅವನೇ.

“ಇವ, ಬಸುರಿಯ ಅಟ್ಟ ಹತ್ತಿಸಿ ಎಲೆ ಕೆದಕಿಸಿದ.”

“ಪಾಪ.”

“ಬಾಗಿಲ ದಾಟಿದ ಕೂಡಲೇ ದೊಡ್ಡವರ ಹೆಸರ ಹಿಡಿದು ಕೂಗಿದ.”

“ಪಾಪ.”

“ಹಾಲಾ, ಸಾಕು,” ಎಂದ ದಿನೇಶ್‌ಕುಮಾರ್. ಕುರ್ಚಿಯ ತೋಳುಗಳನ್ನು ಹಿಡಿದ. ಏಳಲಿಲ್ಲ. ಕಳೆದ ಆಡಿಯಲ್ಲಿ ಅಪ್ಪನ ಮಂಚದ ಬಳಿ ಅವನೂ ಹೀಗೆಯೇ ನಿಂತು, ಒಂದೊಂದು ಮಾತಿಗೂ ಎಲ್ಲರೊಡನೆ ದನಿಗೂಡಿಸಿದ್ದ. ಕಡೆಯ ಮಾತು ಬಿದ್ದಾಗ ಹಾಲನ್‌ನ ಕಾಲು ಹಿಡಿದು ಅತ್ತಿದ್ದ.

“ಕೈಯ ಕಾಯುವ ಬಲೆಯ ಬಿಚ್ಚಿಸಿದ.”

“ಪಾಪ.” ಈಗ ಅಟ್ಟವೆಲ್ಲ ಒಂದೇ ದನಿ. ತಗಡಿನ ಮಾಡು ಅದನ್ನು ಹಿಂದಿರುಗಿಸಿತು.

“ಬಿಚ್ಚಿದ ಬಲೆಯಲಿ ತಟ್ಟೆಯ ಒಣಗಿಸಿದ.”

“ಪಾಪ.”

“ರಕುತ ಬಿದ್ದ ಎಲೆಯ ಎಸೆಯಲಿಲ್ಲ. ಕಾಯಿಸಿ, ಜರಡಿ ಹಿಡಿಸಿ, ಪೆಟ್ಟಿಗೆ ತುಂಬಿಸಿ ಕುಡಿವವರ ಮನೆಗೆ ಕಳಿಸಿದ.”

ಈ ಮಾತಿಗೆ ಉತ್ತರ ತಡವಾಯಿತು. ಅಂದು ಕಾಯಿಸಿದವರು, ಜರಡಿ ಹಿಡಿದವರು, ತುಂಬಿದವರು ಇಲ್ಲಿಯೇ ನಿಂತಿದ್ದರು. ಅವರು ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ.

“ಪಾಪ,” ಎಂದರು.

“ಬೇಡ ಎನ್ನದೆ ಬಲೆಯ ಬಿಚ್ಚಿದವ ಹಾಲನ್.”

ಯಾರೂ ಅನ್ನಲಿಲ್ಲ. ಅರಿ ತಲೆಯಾಡಿಸಿದ, ಬೇಡ ಎಂಬಂತೆ. ಹಾಲನ್ ಕಾದ. ಹೇಳಿದ ಮಾತಿಗೆ ಉತ್ತರ ಬರದೆ ಮುಂದಕ್ಕೆ ಹೋಗುವಂತಿಲ್ಲ. ಕೊನೆಗೆ ಮಲ್ಲಿ ಅವನ ಮುಖವನ್ನು ನೇರವಾಗಿ ನೋಡುತ್ತ ಒಬ್ಬಳೇ ಹೇಳಿದಳು:

“ಪಾಪ.”

ಹಾಲನ್ ಅದನ್ನು ಸ್ವೀಕರಿಸಿದ. ಜೇಬಿನಿಂದ ಕಾಗದ ತೆಗೆದು, ಸಹಿಯ ಜಾಗ ಬರಿದಾಗಿದ್ದಂತೆಯೇ ದಿನೇಶ್‌ಕುಮಾರನ ಮಡಿಲಿನಲ್ಲಿಟ್ಟ. ಅದರ ಮೇಲೆ ನೀಲಿಯ ಟೋಪಿಯನ್ನಿಟ್ಟ.

ಸೆಲ್ವಕುಮಾರ್ ಜೋರಾಗಿ ಚಪ್ಪಾಳೆ ತಟ್ಟತೊಡಗಿದ. “ಎಲ್ಲಾರೂ ಒಂದೇ ವಾಯ್ಸ್! ಸಾರ್, ಇದು ಟೀಮು! ಅಯ್ಯಾ, ಎಲ್ಲಿ ಕಲಿತಿರಿ ಇದನ್ನ?” ಬೇರೆ ಯಾರೂ ತಟ್ಟಲಿಲ್ಲ. ಅವನ ಎರಡು ಕೈಗಳ ಸದ್ದು ಸ್ವಲ್ಪ ಹೊತ್ತು ಕೇಳಿ ನಿಂತಿತು.

ಎಲ್ಲರೂ ಕಾಯುತ್ತಿದ್ದರು. ಇನ್ನೊಂದು ಮಾತು ಉಳಿದಿತ್ತು. ಬಸವನ ಪಾದಕ್ಕೆ ಒಪ್ಪಿಸುವ ಮಾತು.

ಹಾಲನ್ ಅದನ್ನು ಹೇಳಲಿಲ್ಲ. ತಲೆದೆಸೆಯನ್ನು ಬಿಟ್ಟು ಮೆಟ್ಟಿಲ ಕಡೆ ನಡೆದ.

“ದೊಡ್ಡಪ್ಪಾ,” ಎಂದಿತು ದೊಡ್ಡ ಕುರ್ಚಿಯಿಂದ ಒಂದು ಸಣ್ಣ ದನಿ. ಗೇಟಿನೊಳಗೆ ಅವನ ಬಾಯಲ್ಲಿ ಆ ಪದ ಎಂದೂ ಕೇಳಿಸಿರಲಿಲ್ಲ. “ದೊಡ್ಡಪ್ಪಾ, ಮುಗಿಸಿಬುಡು. ಹಾಗೆ ಬಿಟ್ಟು ಹೋಗಬೇಡ. ಮುಗಿಸು.”

ಮೆಟ್ಟಿಲುಗಳು ಹದಿನಾಲ್ಕು. ಹಾಲನ್ ಎಂದಿನಂತೆ ಗೋಡೆ ಹಿಡಿದು ಇಳಿದ. ಊಟದ ಶೆಡ್ಡಿಗೆ ಹೋಗಿ, ಬಲೆಯ ಮೇಲಿದ್ದ ತಟ್ಟೆಗಳನ್ನು ಒಂದೊಂದಾಗಿ ತೆಗೆದು ಕಲ್ಲಿನ ಮೇಲೆ ಪೇರಿಸಿದ. ಬಲೆಯನ್ನು ಬೆನ್ನಿಗೆ ಆನಿಸಿಕೊಂಡು ಯಂತ್ರದ ಬಳಿಗೆ ಬಂದ. ತೊಟ್ಟಿದ್ದ ಹಳೆಯ ಕೆಲಸದ ಪ್ಯಾಂಟಿನ ಜೇಬಿನಲ್ಲಿ ಬೋಲ್ಟುಗಳು ಹಾಗೆಯೇ ಇದ್ದವು, ಮೂರು. ನಾಲ್ಕನೆಯದು ಎಲ್ಲಿ ಬಿದ್ದುಹೋಯಿತೋ.

ಬಲೆ ಭಾರವಾಗಿತ್ತು, ಒಬ್ಬನೇ ಹಿಡಿದು ಬೋಲ್ಟು ತಿರುಗಿಸಲು ಆಗುತ್ತಿರಲಿಲ್ಲ. ಎರಡು ಸಲ ಜಾರಿತು. ಮೂರನೆಯ ಸಲ ಅದರ ಇನ್ನೊಂದು ಅಂಚನ್ನು ಯಾರೋ ಎತ್ತಿ ಹಿಡಿದರು. ಕರು ಮುಗಿಯುವ ಮೊದಲೇ ನಿಂತಲ್ಲಿಂದ ಕದಲಿ ಬಂದಿದ್ದ ಅರಿ, ಎಡಗೈಯಲ್ಲಿ.

“ಆ ಕಡೆ ಎತ್ತು,” ಎಂದ ಹಾಲನ್.

ಸ್ಪ್ಯಾನರ್ ಕಿರ್ ಎಂದು ತಿರುಗಿತು. ಮೇಲೆ ಅಟ್ಟದ ಹಲಗೆಗಳ ಮೇಲೆ ಮೂವತ್ತೆಂಟು ಜನ ನಿಂತೇ ಇದ್ದರು. ಒಂದು ಕುರ್ಚಿಯೂ ಸರಿಯಲಿಲ್ಲ.